‘ಆಗದು’ ಎಂದವರಿಗೆ ಏನಾಯಿತು: ಆಫ್ರಿಕಾದ ವಿಮೋಚನಾ ನಾಯಕರನ್ನು ಹೋಲಿಸಿ ಓದುವ ಕ್ರಮ

ಆಫ್ರಿಕಾದ ಸ್ವಾತಂತ್ರ್ಯ ಹೋರಾಟದ ನಾಯಕರು ಕೈಗೆ ಬಂದ ಅಧಿಕಾರವನ್ನು ಹೇಗೆ ನಡೆಸಿದರು ಎಂಬ ವಿಷಯದ ಮೇಲೆ ಸೆಮಿನಾರ್ ಪ್ರಬಂಧವನ್ನೋ ಉಪನ್ಯಾಸವನ್ನೋ ಸಿದ್ಧಪಡಿಸಬೇಕಾದ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಪದವಿ ಮತ್ತು ಸ್ನಾತಕೋತ್ತರ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮಾರ್ಗದರ್ಶಿಯನ್ನು ಬರೆಯಲಾಗಿದೆ. ಇಂಥ ಪ್ರಬಂಧಗಳು ಸಾಮಾನ್ಯವಾಗಿ ಸವೆದ ಜಾಡಿನಲ್ಲೇ ಸಾಗುತ್ತವೆ: ದಕ್ಷಿಣ ಆಫ್ರಿಕಾದ ನೆಲ್ಸನ್ ಮಂಡೇಲಾ ದ್ವೇಷವನ್ನು ಬಿಟ್ಟ ಮಹಾನುಭಾವರು, ಜಿಂಬಾಬ್ವೆಯ ರಾಬರ್ಟ್ ಮುಗಾಬೆ ಕುರ್ಚಿ ಬಿಡದ ಸರ್ವಾಧಿಕಾರಿ, ತಾಂಜಾನಿಯಾದ ಜೂಲಿಯಸ್ ನ್ಯೆರೆರೆ ಸರಳ ಬದುಕಿನ ಆದರ್ಶವಾದಿ, ಘಾನಾದ ಕ್ವಾಮೆ ಎನ್‌ಕ್ರುಮಾ ದಾರಿ ತಪ್ಪಿದ ಕನಸುಗಾರ. ಈ ಮಾತುಗಳಲ್ಲಿ ಯಾವುದೂ ಪೂರ್ತಿ ಸುಳ್ಳಲ್ಲ. ಆದರೆ ಇವೆಲ್ಲ ಸ್ವಭಾವದ ವರ್ಣನೆಗಳು. ಅಧಿಕಾರ ಹೇಗೆ ನಡೆಯಿತು ಎಂಬ ಪ್ರಶ್ನೆಗೆ ಇವುಗಳಿಂದ ಉತ್ತರ ದೊರೆಯುವುದಿಲ್ಲ.

ಸ್ವಭಾವದ ವಿವರಣೆ ಎಲ್ಲಿ ಕೈಕೊಡುತ್ತದೆ ಎಂಬುದನ್ನು ನೋಡಲು ಮಂಡೇಲಾ ಮತ್ತು ಮುಗಾಬೆಯವರ ಮೊದಲ ಭಾಗದ ಬದುಕನ್ನು ಅಕ್ಕಪಕ್ಕ ಇಟ್ಟರೆ ಸಾಕು. ಮುಗಾಬೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿದ್ದರು, ಮಂಡೇಲಾ 27 ವರ್ಷ ಇದ್ದರು. 1966ರಲ್ಲಿ ಪುಟ್ಟ ಮಗ ತೀರಿಕೊಂಡಾಗ ಮುಗಾಬೆಯವರಿಗೆ ಅಂತ್ಯಕ್ರಿಯೆಗೆ ಹೋಗಲು ಅನುಮತಿ ಸಿಗಲಿಲ್ಲ. 1969ರಲ್ಲಿ ಹಿರಿಯ ಮಗ ಅಪಘಾತದಲ್ಲಿ ಸತ್ತಾಗ ಮಂಡೇಲಾ ಅವರಿಗೂ ಸಿಗಲಿಲ್ಲ. ಅಧಿಕಾರಕ್ಕೆ ಬಂದ ಗಳಿಗೆಯಲ್ಲಿ ಇಬ್ಬರೂ ಸಮನ್ವಯದ ಮಾತನ್ನೇ ಆಡಿದರು. 1980ರಲ್ಲಿ ಮುಗಾಬೆ ತಮ್ಮ ವಿರುದ್ಧ ಯುದ್ಧ ನಡೆಸಿದ್ದ ಸೇನಾಧಿಕಾರಿ ಪೀಟರ್ ವಾಲ್ಸ್ ಅವರನ್ನು ಸ್ವಲ್ಪ ಕಾಲ ಹುದ್ದೆಯಲ್ಲೇ ಮುಂದುವರಿಸಿದರು, ಗುಪ್ತಚರ ಇಲಾಖೆಯ ಮುಖ್ಯಸ್ಥ ಕೆನ್ ಫ್ಲವರ್ ಅವರನ್ನು ಉಳಿಸಿಕೊಂಡರು, ಬಿಳಿಯ ರೈತರೊಬ್ಬರಾದ ಡೆನಿಸ್ ನಾರ್ಮನ್ ಅವರಿಗೆ ಕೃಷಿ ಖಾತೆಯನ್ನೇ ಕೊಟ್ಟರು. ನಮ್ಮ ಪ್ರಬಂಧವನ್ನು 1981ರಲ್ಲಿ ಬರೆದಿದ್ದರೆ ಉದಾರಿಗಳ ಸಾಲಿನಲ್ಲಿ ಮುಗಾಬೆಯವರ ಹೆಸರೇ ಮೊದಲು ಬರುತ್ತಿತ್ತು.

ಆದ್ದರಿಂದ ಬೇರೆಯದೇ ಅಳತೆಗೋಲು ಬೇಕು. ನಾಯಕನಿಗೆ ‘ಇದು ಆಗದು’ ಎಂದು ಹೇಳುವ ಸ್ಥಾನದಲ್ಲಿ ಯಾರಿದ್ದರು, ಅವರು ಹಾಗೆ ಹೇಳಿದ ದಿನ ಯಾವುದು, ಹೇಳಿದ ಮೇಲೆ ಅವರ ಗತಿ ಏನಾಯಿತು ಎಂಬುದೇ ಆ ಅಳತೆಗೋಲು. ಹೇಳಬಹುದಾದವರು ನ್ಯಾಯಾಧೀಶರಿರಬಹುದು, ಮತದಾರರಿರಬಹುದು, ಸೈನಿಕರಿರಬಹುದು, ಜೈಲಿನಲ್ಲಿ ಜೊತೆಗಿದ್ದ ಒಡನಾಡಿಗಳಿರಬಹುದು, ಹೊಲ ಬಿಟ್ಟು ಕದಲಲೊಪ್ಪದ ರೈತರಿರಬಹುದು. ಭಾಷಣಗಳನ್ನು ಓದುವ ಮೊದಲು ಈ ದಿನಗಳನ್ನು ಹುಡುಕಿ ಪಟ್ಟಿ ಮಾಡಿಕೊಳ್ಳಿ.

ಯಾರನ್ನು ಯಾರ ಜೊತೆ ಇಡಬೇಕು

ಒಂದು ಪ್ರಬಂಧಕ್ಕೆ ಇಬ್ಬರು ಸಾಕು, ಒಂದು ತಿಂಗಳ ಅಧ್ಯಯನ ಗುಂಪಿಗೆ ಹೆಚ್ಚೆಂದರೆ ನಾಲ್ವರು. ಖಂಡದಲ್ಲಿ 54 ದೇಶಗಳಿವೆ. ಎಲ್ಲವನ್ನೂ ಒಂದೇ ಹಾಳೆಗೆ ತರಲು ಹೊರಟವರು ಕೊನೆಗೆ ‘ಆಫ್ರಿಕಾದ ನಾಯಕರು’ ಎಂಬ ಒಂದೇ ಪಾತ್ರವನ್ನು ಸೃಷ್ಟಿಸಿ ಅದರ ಬಗ್ಗೆ ತೀರ್ಪು ಕೊಡುತ್ತಾರೆ. ಆಯ್ಕೆ ಮಾಡುವಾಗ ವ್ಯಕ್ತಿಗಳಿಗಿಂತ ಮೊದಲು ದೇಶಗಳನ್ನು ನೋಡಿ. ದೊಡ್ಡ ಸಂಖ್ಯೆಯಲ್ಲಿ ಬಿಳಿಯರು ನೆಲೆಸಿ ಭೂಮಿಯನ್ನು ಹಿಡಿದುಕೊಂಡಿದ್ದ ದಕ್ಷಿಣ ಆಫ್ರಿಕಾ ಮತ್ತು ಜಿಂಬಾಬ್ವೆಯನ್ನು ಪರಸ್ಪರ ಹೋಲಿಸಬಹುದು. ಹೆಚ್ಚಿನ ರಕ್ತಪಾತವಿಲ್ಲದೆ ಬ್ರಿಟಿಷರಿಂದ ಅಧಿಕಾರ ಪಡೆದ ಘಾನಾ, ತಾಂಜಾನಿಯಾ ಮತ್ತು ಜಾಂಬಿಯಾ ಇನ್ನೊಂದು ಗುಂಪು. ಪೋರ್ಚುಗೀಸರ ವಿರುದ್ಧ ಬಂದೂಕು ಹಿಡಿಯಬೇಕಾಗಿ ಬಂದ ಗಿನಿ-ಬಿಸ್ಸಾವ್, ಮೊಜಾಂಬಿಕ್, ಅಂಗೋಲಾ ಮೂರನೆಯದು. ಮಂಡೇಲಾ ಮತ್ತು ಎನ್‌ಕ್ರುಮಾ ಅವರನ್ನು ನೇರವಾಗಿ ಎದುರುಬದುರು ನಿಲ್ಲಿಸುವುದು ತಪ್ಪೆಂದಲ್ಲ; ಆದರೆ ಅವರಿಬ್ಬರ ನಡುವೆ 37 ವರ್ಷಗಳ ಅಂತರವಿದೆ, ಮೊದಲು ನಡೆದವರ ಎಡವಟ್ಟುಗಳನ್ನು ನೋಡಿ ಕಲಿಯುವ ಅವಕಾಶ ಮಂಡೇಲಾ ಅವರಿಗಿತ್ತು ಎಂಬುದನ್ನು ಬರೆಯದೆ ಬಿಡಬಾರದು.

ಕೈಗೆ ಬಂದದ್ದೇನು

ಪ್ರತಿ ನಾಯಕನಿಗೂ ಒಂದು ಪುಟ ಮೀಸಲಿಟ್ಟು, ಅಧಿಕಾರ ಸ್ವೀಕರಿಸಿದ ದಿನ ಅವರಿಗೆ ಬಳುವಳಿಯಾಗಿ ಬಂದ ಕಾನೂನು, ಸೇನೆ, ಶಾಸನಸಭೆಯ ಬಲಾಬಲ ಮತ್ತು ಭೂಮಿಯ ಸ್ಥಿತಿಯನ್ನು ಬರೆಯಿರಿ. ಈ ಪುಟವಿಲ್ಲದೆ ಮಾಡಿದ ಹೋಲಿಕೆಯಲ್ಲಿ ಸಂದರ್ಭದ ಒಳ್ಳೆಯತನವೆಲ್ಲ ವ್ಯಕ್ತಿಯ ಲೆಕ್ಕಕ್ಕೆ ಹೋಗಿಬಿಡುತ್ತದೆ.

ದಕ್ಷಿಣ ಆಫ್ರಿಕಾದ 1994ರ ಚುನಾವಣೆಯನ್ನೇ ನೋಡಿ. ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸಿಗೆ ಶೇಕಡಾ 62ಕ್ಕೂ ಹೆಚ್ಚು ಮತ, 400ರಲ್ಲಿ 252 ಸ್ಥಾನಗಳು ಬಂದವು. ಹೊಸ ಸಂವಿಧಾನವನ್ನು ಅಂಗೀಕರಿಸಲು ಮೂರನೆಯ ಎರಡರಷ್ಟು ಬಹುಮತ ಬೇಕಿತ್ತು; ಅಷ್ಟು ಆ ಪಕ್ಷದ ಕೈಯಲ್ಲಿರಲಿಲ್ಲ. ಎಲ್ಲರನ್ನೂ ಸೇರಿಸಿಕೊಂಡ ರಾಷ್ಟ್ರೀಯ ಐಕ್ಯ ಸರ್ಕಾರ ರಚನೆಯಾಗಬೇಕೆಂಬುದು ಮಧ್ಯಂತರ ಸಂವಿಧಾನದಲ್ಲೇ ಬರೆದಿದ್ದ ಷರತ್ತು. ಅದರಂತೆ ಹಿಂದಿನ ಅಧ್ಯಕ್ಷ ಡಿ ಕ್ಲರ್ಕ್ ಉಪಾಧ್ಯಕ್ಷರಾದರು, ಬದ್ಧ ಎದುರಾಳಿಯಾಗಿದ್ದ ಬುಥೆಲೆಜಿ ಗೃಹ ಸಚಿವರಾದರು. ಮಂಡೇಲಾ ಅವರ ಔದಾರ್ಯವನ್ನು ಇದು ಕಡಿಮೆ ಮಾಡುವುದಿಲ್ಲ, ಆದರೆ ಆ ಔದಾರ್ಯಕ್ಕೆ ಅಂಕಿಗಳ ಒತ್ತಾಸೆಯೂ ಇತ್ತು.

ಜಿಂಬಾಬ್ವೆಯಲ್ಲಿ ಲೆಕ್ಕ ಬೇರೆ. ಬಿಳಿಯರ ಆಳ್ವಿಕೆಯನ್ನು ಕೊನೆಗೊಳಿಸಲು ಲಂಡನ್ನಿನಲ್ಲಿ ಆದ 1979ರ ಲ್ಯಾಂಕಾಸ್ಟರ್ ಹೌಸ್ ಒಪ್ಪಂದದ ಪ್ರಕಾರ 100 ಸ್ಥಾನಗಳಲ್ಲಿ 20 ಬಿಳಿಯರಿಗೆ ಮೀಸಲಾಗಿದ್ದವು. ಉಳಿದ 80ರಲ್ಲಿ ಮುಗಾಬೆಯವರ ಪಕ್ಷ 57, ಜೋಶುವಾ ಎನ್‌ಕೋಮೊ ಅವರ ಪಕ್ಷ 20 ಗೆದ್ದವು. ಮಾರಲು ಒಪ್ಪಿದವರಿಂದ ಮಾತ್ರ ಭೂಮಿ ಕೊಳ್ಳಬೇಕೆಂಬ ನಿಯಮ ಹತ್ತು ವರ್ಷ ಕೈ ಕಟ್ಟಿಹಾಕಿತ್ತು. ಇವೆಲ್ಲ ಹೊರಗಿನವರು ಬಿಗಿದ ಕಟ್ಟುಗಳು. ಇದರ ಜೊತೆಗೆ ದೇಶಕ್ಕೆ ರೊಡೇಷಿಯಾ ಎಂಬ ಹೆಸರಿದ್ದಾಗ ಆಳುತ್ತಿದ್ದ ಇಯಾನ್ ಸ್ಮಿತ್ ಅವರ ಬಿಳಿಯರ ಸರ್ಕಾರ 1965ರಲ್ಲಿ ಹೇರಿದ್ದ ತುರ್ತುಸ್ಥಿತಿಯೂ ಬಳುವಳಿಯಾಗಿ ಬಂತು. ಹೊಸ ಸರ್ಕಾರ ಅದನ್ನು ರದ್ದು ಮಾಡದೆ 1990ರವರೆಗೆ ನವೀಕರಿಸುತ್ತಲೇ ಹೋಯಿತು. ವಸಾಹತು ಆಡಳಿತ ಬಿಟ್ಟುಹೋದ ಆಯುಧಗಳಲ್ಲಿ ಯಾವುದನ್ನು ಒಗೆದರು, ಯಾವುದನ್ನು ಸಾಣೆ ಹಿಡಿದು ಇಟ್ಟುಕೊಂಡರು ಎಂಬುದನ್ನು ಈ ಪುಟದ ಕೊನೆಯಲ್ಲಿ ಪ್ರತ್ಯೇಕವಾಗಿ ಬರೆಯಿರಿ.

ಹೀಗೆ ಬರೆಯುವಾಗ ನಮ್ಮ ದೇಶದ ಲೆಕ್ಕವನ್ನೂ ಪಕ್ಕದಲ್ಲಿಡುವುದು ಒಳ್ಳೆಯದು. ಸಂವಿಧಾನ ಜಾರಿಗೆ ಬಂದ 1950ರಲ್ಲೇ ಭಾರತ ವಿಚಾರಣೆಯಿಲ್ಲದೆ ಬಂಧನದಲ್ಲಿಡುವ ಕಾಯ್ದೆಯನ್ನು ಮಾಡಿಕೊಂಡಿತು. ಘಾನಾ ಅಂಥ ಕಾಯ್ದೆಯನ್ನು 1958ರಲ್ಲಿ, ತಾಂಗನೀಕಾ (ಇಂದಿನ ತಾಂಜಾನಿಯಾದ ಮುಖ್ಯಭೂಮಿ) 1962ರಲ್ಲಿ ಮಾಡಿದವು. ‘ಅವರ ಸಂಸ್ಕೃತಿಯಲ್ಲಿ ಮುಖ್ಯಸ್ಥನೇ ಸರ್ವಸ್ವ, ಆದ್ದರಿಂದ ಪ್ರಜಾಪ್ರಭುತ್ವ ಬೇರೂರಲಿಲ್ಲ’ ಎಂಬ ಸೋಮಾರಿ ವಿವರಣೆ ನಮ್ಮ ತರಗತಿಗಳಲ್ಲಿ ಇಂದಿಗೂ ಕೇಳಿಬರುತ್ತದೆ. 1975ರ ಜೂನ್‌ನಿಂದ ಮುಂದಿನ ಇಪ್ಪತ್ತೊಂದು ತಿಂಗಳನ್ನು ನೆನಪಿಸಿಕೊಂಡರೆ ಆ ಮಾತು ಬಾಯಿಗೆ ಬರಲಾರದು.

ಆಗದು ಎಂದವರು

ನಿಮ್ಮ ಪಟ್ಟಿಯನ್ನು ಅಂಕಣಗಳಾಗಿ ವಿಂಗಡಿಸಿ, ಮೊದಲ ಅಂಕಣವನ್ನು ನ್ಯಾಯಾಲಯದಿಂದ ಆರಂಭಿಸಿ, ಏಕೆಂದರೆ ಅಲ್ಲಿ ದಿನಾಂಕಗಳೂ ತೀರ್ಪುಗಳೂ ಸ್ಪಷ್ಟವಾಗಿ ಸಿಗುತ್ತವೆ. 1962ರ ಆಗಸ್ಟ್‌ನಲ್ಲಿ ಉತ್ತರ ಘಾನಾದ ಕುಲುಂಗುಗು ಎಂಬಲ್ಲಿ ಎನ್‌ಕ್ರುಮಾ ಅವರ ಮೇಲೆ ಬಾಂಬ್ ದಾಳಿಯಾಯಿತು. ಅವರು ಗಾಯಗೊಂಡು ಬದುಕಿದರು. ಆ ಪ್ರಕರಣದ ಆರೋಪಿಗಳಲ್ಲಿ ವಿದೇಶಾಂಗ ಸಚಿವರಾಗಿದ್ದ ಆಕೊ ಅಡ್ಜೆಯಿ ಕೂಡ ಇದ್ದರು. ಲಂಡನ್ನಿನಲ್ಲಿದ್ದ ಎನ್‌ಕ್ರುಮಾ ಅವರನ್ನು ಕರೆಸಿ ಪಕ್ಷದ ಕಾರ್ಯದರ್ಶಿ ಮಾಡಿ ಎಂದು 1947ರಲ್ಲಿ ಸೂಚಿಸಿದವರು ಇದೇ ಅಡ್ಜೆಯಿ. 1963ರ ಡಿಸೆಂಬರ್‌ನಲ್ಲಿ ಮುಖ್ಯ ನ್ಯಾಯಮೂರ್ತಿ ಆರ್ಕು ಕೋರ್ಸಾ ಅವರ ಪೀಠ ಅಡ್ಜೆಯಿ ಸೇರಿದಂತೆ ಮೂವರನ್ನು ಖುಲಾಸೆ ಮಾಡಿತು. ಕೆಲವೇ ದಿನಗಳಲ್ಲಿ ಕೋರ್ಸಾ ಅವರನ್ನು ವಜಾ ಮಾಡಲಾಯಿತು, ತೀರ್ಪನ್ನು ಅಸಿಂಧುಗೊಳಿಸಲಾಯಿತು, ಆರೋಪಿಗಳನ್ನು ಮತ್ತೆ ವಿಚಾರಣೆಗೊಳಪಡಿಸಿ ಶಿಕ್ಷಿಸಲಾಯಿತು. ಮರು ತಿಂಗಳು, 1964ರ ಜನವರಿಯಲ್ಲಿ ನಡೆದ ಜನಮತ ಗಣನೆಯಲ್ಲಿ ಏಕಪಕ್ಷ ಪದ್ಧತಿಯ ಜೊತೆಗೆ ನ್ಯಾಯಾಧೀಶರನ್ನು ತೆಗೆಯುವ ಅಧಿಕಾರವನ್ನೂ ಅಧ್ಯಕ್ಷರಿಗೆ ಕೊಡಲಾಯಿತು. ಸರ್ಕಾರ ಪ್ರಕಟಿಸಿದ ಒಪ್ಪಿಗೆಯ ಪ್ರಮಾಣ ಶೇಕಡಾ 99ಕ್ಕೂ ಹೆಚ್ಚು. ಮುಖ್ಯ ನ್ಯಾಯಮೂರ್ತಿಯನ್ನು ಆ ಹುದ್ದೆಯಿಂದ ಇಳಿಸುವ ಅಧಿಕಾರ 1960ರ ಸಂವಿಧಾನದಲ್ಲೇ ಅಧ್ಯಕ್ಷರಿಗಿತ್ತು ಎಂಬುದನ್ನು ಗಮನಿಸಿ. ಎನ್‌ಕ್ರುಮಾ ಕಾನೂನು ಮುರಿಯಲಿಲ್ಲ. ಮೂರು ವರ್ಷ ಮೊದಲೇ ಕಾನೂನನ್ನು ತಮಗೆ ಬೇಕಾದಂತೆ ಬರೆಸಿಕೊಂಡಿದ್ದರು. ಪ್ರಬಂಧದಲ್ಲಿ ಒತ್ತಿ ಹೇಳಬೇಕಾದ ಸಂಗತಿ ಇದು, ಏಕೆಂದರೆ ಅಧಿಕಾರದ ಕೇಂದ್ರೀಕರಣ ಹೆಚ್ಚಿನ ಪಾಲು ಹೀಗೆ ಸದ್ದಿಲ್ಲದೆ, ಯಾರೂ ಎದುರಾಡದ ದಿನಗಳಲ್ಲೇ ನಡೆದುಹೋಗಿರುತ್ತದೆ.

ಇದರ ಎದುರಿಗೆ 1995ರ ಸೆಪ್ಟೆಂಬರ್ ತಿಂಗಳ ಪ್ರಿಟೋರಿಯಾ–ಜೋಹಾನ್ಸ್‌ಬರ್ಗ್ ವಿದ್ಯಮಾನವನ್ನು ಇಡಿ. ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ಸಂಬಂಧಿಸಿ ಮಂಡೇಲಾ ಹೊರಡಿಸಿದ್ದ ಘೋಷಣೆಗಳನ್ನು, ಡಿ ಕ್ಲರ್ಕ್ ಅವರ ನ್ಯಾಷನಲ್ ಪಕ್ಷದ ಕೈಯಲ್ಲಿದ್ದ ವೆಸ್ಟರ್ನ್ ಕೇಪ್ ಪ್ರಾಂತ್ಯ ಪ್ರಶ್ನಿಸಿತು. ಸಂವಿಧಾನ ನ್ಯಾಯಾಲಯ ಅಧ್ಯಕ್ಷರ ವಿರುದ್ಧ ತೀರ್ಪು ಕೊಟ್ಟಿತು. ಆ ನ್ಯಾಯಾಲಯದ ಅಧ್ಯಕ್ಷ ಆರ್ಥರ್ ಚಾಸ್ಕಲ್ಸನ್ ಮೂವತ್ತು ವರ್ಷಗಳ ಹಿಂದೆ ರಿವೋನಿಯಾ ಮೊಕದ್ದಮೆಯಲ್ಲಿ ಮಂಡೇಲಾ ಪರ ವಾದಿಸಿದ್ದ ವಕೀಲರ ತಂಡದಲ್ಲಿದ್ದವರು, ಮಂಡೇಲಾ ಅವರೇ ಆ ಹುದ್ದೆಗೆ ನೇಮಿಸಿದವರು. ಮಂಡೇಲಾ ತೀರ್ಪನ್ನು ಬಹಿರಂಗವಾಗಿ ಒಪ್ಪಿಕೊಂಡರು, ಎಲ್ಲರೂ ಒಪ್ಪಬೇಕೆಂದೂ ಹೇಳಿದರು. 1998ರಲ್ಲಿ ರಗ್ಬಿ ಸಂಸ್ಥೆಯ ಕುರಿತ ತನಿಖಾ ಆಯೋಗದ ಪ್ರಕರಣದಲ್ಲಿ ಅಧ್ಯಕ್ಷರೇ ಸ್ವತಃ ಸಾಕ್ಷಿ ಕಟ್ಟೆ ಹತ್ತಬೇಕೆಂದು ಉಚ್ಚ ನ್ಯಾಯಾಲಯ ಆದೇಶಿಸಿದಾಗ, ಅಸಮಾಧಾನವನ್ನು ಮುಚ್ಚಿಡದೆಯೇ ಅವರು ಹೋಗಿ ಪಾಟೀಸವಾಲಿಗೆ ಉತ್ತರ ಕೊಟ್ಟರು. ಅವರ ಸಮನ್ವಯದ ಕುರಿತು ಬಂದಿರುವ ಪುಟಗಟ್ಟಲೆ ಬರಹಗಳಿಗಿಂತ ಈ ಎರಡು ಪ್ರಸಂಗಗಳು ಹೆಚ್ಚು ಬೆಲೆಯುಳ್ಳವು ಎಂಬುದು ನನ್ನ ಅಭಿಪ್ರಾಯ. ಕ್ಷಮೆ ಒಬ್ಬ ವ್ಯಕ್ತಿಯ ಗುಣ, ಆ ವ್ಯಕ್ತಿಯ ಜೊತೆಗೇ ಹೊರಟುಹೋಗಬಹುದು. ಅಧ್ಯಕ್ಷರ ಆಜ್ಞೆಯನ್ನು ನ್ಯಾಯಾಲಯ ರದ್ದು ಮಾಡಬಹುದು ಎಂಬ ಪೂರ್ವನಿದರ್ಶನ ಮುಂದಿನ ಅಧ್ಯಕ್ಷರ ಕಾಲಕ್ಕೂ ಉಳಿಯುತ್ತದೆ.

ಜಿಂಬಾಬ್ವೆಯ ನ್ಯಾಯಾಲಯದ ಕಥೆಯನ್ನು ಇವೆರಡರ ಪಕ್ಕದಲ್ಲಿ ಚುಟುಕಾಗಿ ಬರೆದರೆ ಸಾಕು: ಬಿಳಿಯ ರೈತರ ಜಮೀನುಗಳ ಆಕ್ರಮಣ ಕಾನೂನುಬಾಹಿರವೆಂದು ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟ ಮೇಲೆ 2000ದ ನವೆಂಬರ್‌ನಲ್ಲಿ ಮಾಜಿ ಹೋರಾಟಗಾರರ ಗುಂಪು ನ್ಯಾಯಾಲಯದೊಳಗೇ ನುಗ್ಗಿತು, 2001ರಲ್ಲಿ ಮುಖ್ಯ ನ್ಯಾಯಮೂರ್ತಿ ಆಂಟನಿ ಗಬ್ಬೆ ಅವಧಿಗೆ ಮೊದಲೇ ನಿವೃತ್ತರಾಗಬೇಕಾಯಿತು.

ಮತದಾರರ ‘ಆಗದು’ ಎರಡನೆಯ ಅಂಕಣ. ಇಲ್ಲಿ ಜಾಂಬಿಯಾದ ಕೆನೆತ್ ಕೌಂಡಾ ಮತ್ತು ಮುಗಾಬೆಯವರನ್ನು ಜೊತೆಗಿಡಬೇಕು, ಏಕೆಂದರೆ ಇಬ್ಬರೂ ದೀರ್ಘಕಾಲ ಆಳಿ, ಆರ್ಥಿಕ ಸಂಕಟದ ನಡುವೆ ಜನರ ಎದುರು ನಿಲ್ಲಬೇಕಾಯಿತು. ಕೌಂಡಾ ಸಾಧು ಆಡಳಿತಗಾರರೇನೂ ಆಗಿರಲಿಲ್ಲ. ಬಾಲ್ಯದ ಗೆಳೆಯ ಸೈಮನ್ ಕಪ್ವೆಪ್ವೆ ಹೊಸ ಪಕ್ಷ ಕಟ್ಟಿದಾಗ 1972ರಲ್ಲಿ ಆ ಪಕ್ಷವನ್ನು ನಿಷೇಧಿಸಿ ಗೆಳೆಯನನ್ನು ಬಂಧಿಸಿದವರು, ಜಾಂಬಿಯಾವನ್ನು ಏಕಪಕ್ಷದ ದೇಶವನ್ನಾಗಿ ಮಾಡಿದವರು ಅವರೇ. ಆದರೆ 1990ರಲ್ಲಿ ಜೋಳದ ಹಿಟ್ಟಿನ ಬೆಲೆ ಏರಿ ದಂಗೆಗಳೆದ್ದ ಮೇಲೆ ಅವರು ಬಹುಪಕ್ಷ ಚುನಾವಣೆಗೆ ಒಪ್ಪಿದರು, ತಮ್ಮ ಅವಧಿಯನ್ನೂ ಮೊಟಕುಗೊಳಿಸಿಕೊಂಡರು. 1991ರ ಅಕ್ಟೋಬರ್ 31ರಂದು ಕಾರ್ಮಿಕ ನಾಯಕ ಫ್ರೆಡರಿಕ್ ಚಿಲುಬಾ ಅವರಿಗೆ ಸುಮಾರು ನಾಲ್ಕನೆಯ ಮೂರರಷ್ಟು ಮತ ಬಿತ್ತು. 27 ವರ್ಷ ಆಳಿದ ಕೌಂಡಾ ಸೋಲೊಪ್ಪಿ ಹೊರನಡೆದರು. ನಂತರದ ತಿರುವನ್ನು ಬಿಡಬೇಡಿ: ಪ್ರಜಾಪ್ರಭುತ್ವದ ಹೆಸರಿನಲ್ಲಿ ಗೆದ್ದ ಚಿಲುಬಾ ಸರ್ಕಾರ 1996ರಲ್ಲಿ ಸಂವಿಧಾನ ತಿದ್ದಿ, ತಂದೆತಾಯಿ ಜಾಂಬಿಯಾ ಮೂಲದವರಾಗಿರಬೇಕೆಂಬ ಷರತ್ತು ಹಾಕಿ, ಕೌಂಡಾ ಮತ್ತೆ ಸ್ಪರ್ಧಿಸದಂತೆ ಮಾಡಿತು. ಇಳಿದವರು ಒಳ್ಳೆಯವರು, ಏರಿದವರು ಇನ್ನೂ ಒಳ್ಳೆಯವರು ಎಂಬ ಊಹೆಗೆ ಇಲ್ಲಿ ಜಾಗವಿಲ್ಲ.

ಮುಗಾಬೆಯವರಿಗೆ ಮತದಾರರ ಮೊದಲ ದೊಡ್ಡ ನಿರಾಕರಣೆ ಬಂದದ್ದು 2000ದ ಫೆಬ್ರವರಿಯಲ್ಲಿ. ಅಧ್ಯಕ್ಷರ ಅಧಿಕಾರವನ್ನು ಗಟ್ಟಿಗೊಳಿಸುವ, ಪರಿಹಾರವಿಲ್ಲದೆ ಜಮೀನು ವಶಪಡಿಸಿಕೊಳ್ಳಲು ಅವಕಾಶ ಕೊಡುವ ಕರಡು ಸಂವಿಧಾನವನ್ನು ಶೇಕಡಾ 54ಕ್ಕೂ ಹೆಚ್ಚು ಮತದಾರರು ತಿರಸ್ಕರಿಸಿದರು. ದೂರದರ್ಶನದಲ್ಲಿ ಅವರು ಫಲಿತಾಂಶವನ್ನು ಸಮಾಧಾನದಿಂದಲೇ ಒಪ್ಪಿಕೊಂಡರು. ಆದರೆ ಕೆಲವೇ ವಾರಗಳಲ್ಲಿ ಜಮೀನು ಆಕ್ರಮಣಗಳು ಆರಂಭವಾದವು. ಬಾಯಿಮಾತಿನ ಒಪ್ಪಿಗೆಗೂ ನಡೆಯ ಒಪ್ಪಿಗೆಗೂ ಇರುವ ಅಂತರ ಇಲ್ಲಿ ಎದ್ದು ಕಾಣುತ್ತದೆ. 2008ರ ಮಾರ್ಚ್‌ನ ಅಧ್ಯಕ್ಷೀಯ ಚುನಾವಣೆಯ ಮೊದಲ ಸುತ್ತಿನಲ್ಲಿ ವಿರೋಧ ಪಕ್ಷದ ನಾಯಕ ಮಾರ್ಗನ್ ಚಾಂಗಿರಾಯ್ ಶೇಕಡಾ 47.9, ಮುಗಾಬೆ 43.2 ಮತ ಪಡೆದರು. ಫಲಿತಾಂಶ ಪ್ರಕಟವಾಗಲು ಒಂದು ತಿಂಗಳಿಗೂ ಹೆಚ್ಚು ಸಮಯ ಹಿಡಿಯಿತು, ಎರಡನೆಯ ಸುತ್ತಿಗೆ ಮೊದಲು ಹಿಂಸಾಚಾರ ಎಷ್ಟು ಬೆಳೆಯಿತೆಂದರೆ ಚಾಂಗಿರಾಯ್ ಕಣದಿಂದ ಹಿಂದೆ ಸರಿದರು. ಮುಗಾಬೆ ಅಧಿಕಾರ ಕಳೆದುಕೊಂಡದ್ದು ಮತಪೆಟ್ಟಿಗೆಯಿಂದಲ್ಲ, 2017ರ ನವೆಂಬರ್‌ನಲ್ಲಿ ಅವರದೇ ಸೇನೆ ಬೀದಿಗಿಳಿದಾಗ.

ಒಡನಾಡಿಗಳ ಅಂಕಣ ನೋವಿನದು. ಎನ್‌ಕೋಮೊ ಮತ್ತು ಮುಗಾಬೆ ಒಂದೇ ಶತ್ರುವಿನ ವಿರುದ್ಧ ಹೋರಾಡಿದವರು, ಒಂದೇ ಸಂಪುಟದಲ್ಲಿ ಕುಳಿತವರು. ಶಸ್ತ್ರಾಸ್ತ್ರದ ಅಡಗುದಾಣಗಳು ಸಿಕ್ಕವೆಂಬ ಕಾರಣಕ್ಕೆ 1982ರಲ್ಲಿ ಎನ್‌ಕೋಮೊ ಅವರನ್ನು ಸಂಪುಟದಿಂದ ತೆಗೆಯಲಾಯಿತು. 1983ರಿಂದ ಉತ್ತರ ಕೊರಿಯಾದ ತರಬೇತಿ ಪಡೆದ ಐದನೇ ಬ್ರಿಗೇಡ್ ಎನ್‌ಕೋಮೊ ಬೆಂಬಲಿಗರ ನೆಲೆಯಾಗಿದ್ದ ಮಾಟಬೆಲೆಲ್ಯಾಂಡಿನಲ್ಲಿ ಗುಕುರಾಹುಂಡಿ ಎಂಬ ಹೆಸರಿನ ಕಾರ್ಯಾಚರಣೆ ನಡೆಸಿತು. ಸತ್ತವರ ಸಂಖ್ಯೆ 20,000ದವರೆಗೆ ಇರಬಹುದೆಂಬ ಅಂದಾಜಿದೆ, ಅದನ್ನು ಅಂದಾಜೆಂದೇ ಬರೆಯಿರಿ. 1987ರ ಡಿಸೆಂಬರ್ 22ರಂದು ಎನ್‌ಕೋಮೊ ಐಕ್ಯತಾ ಒಪ್ಪಂದಕ್ಕೆ ಸಹಿ ಹಾಕಿ ತಮ್ಮ ಪಕ್ಷವನ್ನು ಆಡಳಿತ ಪಕ್ಷದಲ್ಲಿ ವಿಲೀನಗೊಳಿಸಿದರು, ಅದೇ ತಿಂಗಳು ಮುಗಾಬೆ ಕಾರ್ಯಾಂಗದ ಪೂರ್ಣಾಧಿಕಾರವುಳ್ಳ ಅಧ್ಯಕ್ಷರಾದರು. ಬಿಳಿಯರ ಜಮೀನು ವಶಪಡಿಸಿಕೊಂಡದ್ದರಿಂದ ಮುಗಾಬೆ ಕೆಟ್ಟರು ಎಂದು ಬರೆಯುವವರು ಈ ಐದು ವರ್ಷಗಳನ್ನು ದಾಟಿಕೊಂಡು ಹೋಗುತ್ತಾರೆ; ಆಗ ಪಾಶ್ಚಾತ್ಯ ಸರ್ಕಾರಗಳೂ ಹೆಚ್ಚೇನೂ ಮಾತನಾಡಲಿಲ್ಲ. ಸೆನೆಗಲ್‌ನ ಕವಿ-ಅಧ್ಯಕ್ಷ ಲಿಯೊಪೋಲ್ಡ್ ಸೆಂಗೋರ್ 1980ರ ಕೊನೆಯ ದಿನ ಸ್ವಇಚ್ಛೆಯಿಂದ ಅಧಿಕಾರ ಬಿಟ್ಟವರೆಂದು ಪ್ರಸಿದ್ಧರು. ಅವರೂ ಆಪ್ತ ಸಹಚರ, ಪ್ರಧಾನಿ ಮಾಮಡು ದಿಯಾ ಅವರನ್ನು 1962ರಲ್ಲಿ ಬಂಧಿಸಿ ಹನ್ನೆರಡು ವರ್ಷ ಸೆರೆಯಲ್ಲಿಟ್ಟಿದ್ದರು ಎಂಬುದನ್ನೂ ಇಲ್ಲೇ ಸೇರಿಸಿ.

ಅಧಿಕಾರಕ್ಕೆ ಬರುವ ಮೊದಲೇ ಅಧಿಕಾರದ ರೋಗವನ್ನು ಗುರುತಿಸಿದ ಅಪರೂಪದ ಉದಾಹರಣೆ ಅಮಿಲ್ಕಾರ್ ಕಬ್ರಾಲ್. ಅವರು ಕೃಷಿ ತಜ್ಞರು. ಗಿನಿ-ಬಿಸ್ಸಾವ್‌ನ ಹಳ್ಳಿಗಳನ್ನು ಕೃಷಿ ಗಣತಿಗಾಗಿ ಸುತ್ತಿ ತಿಳಿದವರು. ಯುದ್ಧ ಆರಂಭವಾಗಿ ಒಂದೇ ವರ್ಷದಲ್ಲಿ ಕೆಲವು ದಂಡನಾಯಕರು ತಮ್ಮ ವಶದ ಹಳ್ಳಿಗಳಲ್ಲಿ ಪಾಳೇಗಾರರಂತೆ ವರ್ತಿಸತೊಡಗಿದಾಗ, 1964ರ ಫೆಬ್ರವರಿಯಲ್ಲಿ ಕಾಸ್ಸಕಾ ಎಂಬಲ್ಲಿ ಪಕ್ಷದ ಅಧಿವೇಶನ ಕರೆದು, ಜನರ ದೂರುಗಳನ್ನು ಕೇಳಿ, ತಪ್ಪಿತಸ್ಥರನ್ನು ಶಿಕ್ಷಿಸಿ, ಸೇನೆಯನ್ನು ಪಕ್ಷದ ರಾಜಕೀಯ ಹತೋಟಿಗೆ ತಂದರು. ವಿಮೋಚಿತ ಪ್ರದೇಶಗಳಲ್ಲಿ ಶಾಲೆ, ಜನತಾ ಅಂಗಡಿಗಳು ಬಂದವು, 1972ರಲ್ಲಿ ಚುನಾವಣೆಯೂ ನಡೆಯಿತು. 1973ರ ಜನವರಿ 20ರಂದು ನೆರೆಯ ಗಿನಿ ದೇಶದ ರಾಜಧಾನಿ ಕೊನಾಕ್ರಿಯಲ್ಲಿ ತಮ್ಮದೇ ಪಕ್ಷದವರ ಗುಂಡಿಗೆ ಅವರು ಬಲಿಯಾದರು. ರಾಷ್ಟ್ರದ ಅಧಿಕಾರ ಅವರ ಕೈಗೆ ಬರಲೇ ಇಲ್ಲವಾದ್ದರಿಂದ ಅವರನ್ನು ಎಲ್ಲರಿಗಿಂತ ಮೇಲೆ ಕೂರಿಸುವ ಆಸೆ ಬರುವುದು ಸಹಜ. 1980ರ ನವೆಂಬರ್‌ನಲ್ಲಿ ಅವರ ಪಕ್ಷದ ದಂಡನಾಯಕನೇ ಅವರ ಸಹೋದರನ ಸರ್ಕಾರವನ್ನು ಉರುಳಿಸಿದ್ದನ್ನು ಓದಿದರೆ ಆ ಆಸೆ ತಗ್ಗುತ್ತದೆ.

ಇನ್ನು ನ್ಯೆರೆರೆ. ಈ ಅಳತೆಗೋಲಿಗೆ ಸುಲಭವಾಗಿ ಸಿಕ್ಕದವರು ಇವರು, ಆದ್ದರಿಂದಲೇ ಇವರ ಮೇಲೆ ಹೆಚ್ಚು ಸಮಯ ಕೊಡಿ. 1964ರ ಜನವರಿಯಲ್ಲಿ ಸಂಬಳ ಮತ್ತು ಬಡ್ತಿಯ ಬೇಡಿಕೆಯಿಟ್ಟು ದಾರ್-ಎಸ್-ಸಲಾಮ್‌ನ ಸೈನಿಕರು ದಂಗೆಯೆದ್ದಾಗ ನ್ಯೆರೆರೆ ಅನಿವಾರ್ಯವಾಗಿ ಬ್ರಿಟಿಷ್ ನೌಕಾದಳದ ಸೈನಿಕರನ್ನೇ ಕರೆಸಬೇಕಾಯಿತು. ಸ್ವಾತಂತ್ರ್ಯ ಬಂದು ಎರಡು ವರ್ಷ ತುಂಬಿದ್ದ ದೇಶಕ್ಕೆ ಅದು ದೊಡ್ಡ ಅವಮಾನ. ನಂತರ ಅವರು ಇಡೀ ಸೇನೆಯನ್ನು ವಿಸರ್ಜಿಸಿ, ಪಕ್ಷದ ಯುವದಳದಿಂದ ಆರಿಸಿದವರ ಹೊಸ ಸೇನೆ ಕಟ್ಟಿದರು. ಅವರ ಕಾಲದಲ್ಲಿ ಮತ್ತೆ ಸೇನೆ ಅಧಿಕಾರ ಕಸಿಯಲಿಲ್ಲ. ಆದರೆ ಅದೇ ವಾರಗಳಲ್ಲಿ ಕಾರ್ಮಿಕ ಮುಖಂಡರ ಬಂಧನವಾಯಿತು, ಸ್ವತಂತ್ರ ಕಾರ್ಮಿಕ ಒಕ್ಕೂಟ ರದ್ದಾಗಿ ಸರ್ಕಾರದ ಕೈಕೆಳಗಿನ ಒಂದೇ ಸಂಘ ಉಳಿಯಿತು. ಹತ್ತಿ ಗಿರಣಿಗಳ ಕಾರ್ಮಿಕ ಚಳವಳಿಯ ನೆನಪು ಇನ್ನೂ ಅಳಿಯದ ದಾವಣಗೆರೆಯಲ್ಲಿ ಈ ವಿವರವನ್ನು ವಿವರಿಸುವ ಅಗತ್ಯ ಬೀಳದು.

1965ರಲ್ಲಿ ತಾಂಜಾನಿಯಾ ಕಾನೂನಿನ ಪ್ರಕಾರ ಏಕಪಕ್ಷ ದೇಶವಾಯಿತು. 1960ರ ಚುನಾವಣೆಯಲ್ಲಿ ನ್ಯೆರೆರೆಯವರ ಪಕ್ಷ 71ರಲ್ಲಿ 70 ಸ್ಥಾನ ಗೆದ್ದಿತ್ತು, ಹಾಗಾಗಿ ಎರಡನೆಯ ಪಕ್ಷ ಹೆಸರಿಗಷ್ಟೇ ಇತ್ತು. ಅವರು ಆ ಒಂದೇ ಪಕ್ಷದೊಳಗೆ ಸ್ಪರ್ಧೆಯನ್ನು ತಂದರು: ಪ್ರತಿ ಕ್ಷೇತ್ರದಲ್ಲೂ ಪಕ್ಷದ್ದೇ ಇಬ್ಬರು ಅಭ್ಯರ್ಥಿಗಳು, ಒಬ್ಬರಿಗೆ ಗುದ್ದಲಿಯ ಚಿಹ್ನೆ, ಇನ್ನೊಬ್ಬರಿಗೆ ಮನೆಯ ಚಿಹ್ನೆ. ಹಣಕಾಸು ಸಚಿವ ಪಾಲ್ ಬೊಮಾನಿ ಸೇರಿದಂತೆ ಹಲವು ಹಾಲಿ ಸದಸ್ಯರು ಸೋತರು. ಅಂದರೆ ಸಚಿವನಿಗೆ ಮತದಾರ ‘ಆಗದು’ ಎನ್ನಬಹುದಿತ್ತು, ನೀತಿಗೆ ಅನ್ನುವಂತಿರಲಿಲ್ಲ. 1967ರ ಅರೂಷಾ ಘೋಷಣೆಯ ಜೊತೆಗೆ ಬಂದ ನಡಾವಳಿ ಪಕ್ಷದ ಮುಖಂಡರು ಕಂಪನಿಗಳ ಷೇರು ಹೊಂದುವುದನ್ನು, ಮನೆ ಬಾಡಿಗೆಗೆ ಕೊಡುವುದನ್ನು, ಎರಡು ಸಂಬಳ ಪಡೆಯುವುದನ್ನು ನಿಷೇಧಿಸಿತು. ಇಷ್ಟು ಕಟ್ಟುನಿಟ್ಟಾಗಿ ಆಳುವವರ ಜೇಬಿಗೆ ಕೈಹಾಕಿದ ಕಾನೂನು ಬೇರೆಡೆ ಅಪರೂಪ. ಆದರೆ ರೈತರ ವಿಷಯಕ್ಕೆ ಬಂದಾಗ ಚಿತ್ರ ಬದಲಾಗುತ್ತದೆ. ರುವುಮಾ ಪ್ರದೇಶದಲ್ಲಿ ಹಳ್ಳಿಗರು ತಾವಾಗಿಯೇ ಕಟ್ಟಿ ನಡೆಸುತ್ತಿದ್ದ ಸಹಕಾರಿ ಹಳ್ಳಿಗಳ ಒಕ್ಕೂಟವನ್ನು ಪಕ್ಷ 1969ರಲ್ಲಿ ಮುಚ್ಚಿಸಿತು. ಪಕ್ಷದ ಅಧಿಕಾರಿಗಳ ಅಪ್ಪಣೆಗೆ ಕಾಯದೆ ಕೆಲಸ ಮಾಡುತ್ತಿದ್ದುದೇ ಅದರ ಅಪರಾಧ. 1973ರ ಕೊನೆಯಲ್ಲಿ ಎಲ್ಲರೂ ಹೊಸ ಹಳ್ಳಿಗಳಲ್ಲಿ ವಾಸಿಸಬೇಕೆಂಬುದು ಆಜ್ಞೆಯಾಯಿತು, ದಶಲಕ್ಷಗಟ್ಟಲೆ ಜನರನ್ನು ಸ್ಥಳಾಂತರಿಸಲಾಯಿತು, ಹೋಗಲೊಪ್ಪದವರ ಗುಡಿಸಲುಗಳಿಗೆ ಬೆಂಕಿಯಿಟ್ಟ ಪ್ರಸಂಗಗಳೂ ನಡೆದವು. ಸ್ವಂತಕ್ಕೆ ಏನನ್ನೂ ಮಾಡಿಕೊಳ್ಳದ ನಾಯಕನೊಬ್ಬ ಜನರ ಒಳಿತು ಜನರಿಗಿಂತ ತನಗೇ ಚೆನ್ನಾಗಿ ಗೊತ್ತೆಂದು ನಂಬಿದಾಗ ಏನಾಗುತ್ತದೆ ಎಂಬುದಕ್ಕೆ ತಾಂಜಾನಿಯಾ ದೊಡ್ಡ ಪಾಠ. ಪ್ರಾಮಾಣಿಕತೆಯನ್ನೂ ಹೊಣೆಗಾರಿಕೆಯನ್ನೂ ಒಂದೇ ಎಂದು ಭಾವಿಸುವ ನಮ್ಮ ಅಭ್ಯಾಸಕ್ಕೂ ಅದು ಪೆಟ್ಟು ಕೊಡುತ್ತದೆ.

ಪಕ್ಷವೋ ಸರ್ಕಾರವೋ

ಅಧಿಕಾರ ನಿಜವಾಗಿ ಎಲ್ಲಿ ಕುಳಿತಿತ್ತು ಎಂಬುದನ್ನು ಕಂಡುಹಿಡಿಯುವುದು ಮುಂದಿನ ಹೆಜ್ಜೆ. ಚಿತ್ರದುರ್ಗದವರಿಗೆ ಈ ಪ್ರಶ್ನೆ ಹೊಸದಲ್ಲ. ಸೀಬಾರದ ಬಳಿ ಸ್ಮಾರಕವಿರುವ ಎಸ್. ನಿಜಲಿಂಗಪ್ಪನವರು ಕಾಂಗ್ರೆಸ್ ಅಧ್ಯಕ್ಷರಾಗಿ 1969ರ ನವೆಂಬರ್‌ನಲ್ಲಿ ಹಾಲಿ ಪ್ರಧಾನಿಯನ್ನೇ ಪಕ್ಷದಿಂದ ಉಚ್ಚಾಟಿಸಿದರು. ಪ್ರಧಾನಿ ಸರ್ಕಾರದಲ್ಲೇ ಉಳಿದರು, ಒಡೆದದ್ದು ಪಕ್ಷ. ಪಕ್ಷದ ಅಧ್ಯಕ್ಷ ಮತ್ತು ಸರ್ಕಾರದ ಮುಖ್ಯಸ್ಥ ಬೇರೆ ಬೇರೆಯಾಗಿದ್ದಾಗ ಹೀಗೆ ಒಬ್ಬರು ಇನ್ನೊಬ್ಬರಿಗೆ ತಡೆಯೊಡ್ಡುವ ಸಾಧ್ಯತೆಯಾದರೂ ಇರುತ್ತದೆ. ಇಬ್ಬರೂ ಒಬ್ಬರೇ ಆದಾಗ ಅದು ಇಲ್ಲವಾಗುತ್ತದೆ.

ಈ ದೃಷ್ಟಿಯಿಂದ ನಿರ್ಗಮನದ ಕ್ರಮವನ್ನು ನೋಡಿ. ನ್ಯೆರೆರೆ 1962ರ ಜನವರಿಯಲ್ಲಿ, ಸ್ವಾತಂತ್ರ್ಯ ಬಂದು ಎರಡು ತಿಂಗಳಾಗುವ ಮೊದಲೇ, ಪ್ರಧಾನಿ ಪಟ್ಟ ಬಿಟ್ಟು ಪಕ್ಷ ಕಟ್ಟಲು ಹಳ್ಳಿಗಳಿಗೆ ಹೋದರು, ಅದೇ ವರ್ಷದ ಕೊನೆಗೆ ಅಧ್ಯಕ್ಷರಾಗಿ ಮರಳಿದರು. 1985ರಲ್ಲಿ ಅಧ್ಯಕ್ಷ ಸ್ಥಾನ ಬಿಟ್ಟ ಮೇಲೂ 1990ರವರೆಗೆ ಪಕ್ಷದ ಅಧ್ಯಕ್ಷರಾಗಿಯೇ ಇದ್ದರು. ಮಂಡೇಲಾ ತಿರುಗುಮುರುಗಾಗಿ ನಡೆದರು: 1997ರ ಡಿಸೆಂಬರ್‌ನಲ್ಲಿ ಮಾಫಿಕೆಂಗ್ ಅಧಿವೇಶನದಲ್ಲಿ ಪಕ್ಷವನ್ನು ಥಾಬೊ ಎಂಬೆಕಿ ಅವರಿಗೆ ಒಪ್ಪಿಸಿದರು, ದೇಶದ ಅಧ್ಯಕ್ಷ ಪದವಿಯನ್ನು 1999ರ ಜೂನ್‌ನಲ್ಲಿ ಬಿಟ್ಟರು. ಸಂವಿಧಾನ ಎರಡು ಅವಧಿಗೆ ಅವಕಾಶ ಕೊಟ್ಟಿದ್ದರೂ ಒಂದಕ್ಕೇ ನಿಲ್ಲಿಸಿದರು. ನ್ಯೆರೆರೆಯವರ ನಿರ್ಗಮನವನ್ನು ಮಂಡೇಲಾ ಅವರದ್ದಕ್ಕೆ ಸಮ ಎಂದು ಬರೆಯುವವರು ಆ ಐದು ವರ್ಷಗಳಿಗೆ ಉತ್ತರ ಕೊಡಬೇಕು. ಏಕಪಕ್ಷ ಪದ್ಧತಿಯನ್ನು ಬಿಡುವ ಕಾಲ ಬಂದಿದೆ ಎಂದು ಕೊನೆಗೆ ತಾವೇ ಬಾಯಿಬಿಟ್ಟು ಹೇಳಿದವರೂ ನ್ಯೆರೆರೆಯೇ ಎಂಬುದು ಅವರ ಪರವಾಗಿ ಬರೆಯಬೇಕಾದ ಮಾತು.

ಸಂದರ್ಭದ ತೂಕ

ನಾಯಕರ ನಡೆಯನ್ನು ಸಮರ್ಥಿಸುವ ಕಾರಣಗಳನ್ನು ಪ್ರತ್ಯೇಕ ಪುಟದಲ್ಲಿ, ದಿನಾಂಕ ಸಮೇತ ಬರೆಯಿರಿ. ಎನ್‌ಕ್ರುಮಾ ಅವರ ಜೀವಕ್ಕೆ ನಿಜವಾಗಿಯೂ ಅಪಾಯವಿತ್ತು, ಆದರೆ ಬಂಧನ ಕಾಯ್ದೆ ಬಂದದ್ದು ಕುಲುಂಗುಗು ದಾಳಿಗೆ ನಾಲ್ಕು ವರ್ಷ ಮೊದಲು. ರೊಡೇಷಿಯಾ 1973ರಲ್ಲಿ ಗಡಿ ಮುಚ್ಚಿದ್ದು, ನಂತರ ತಾಮ್ರದ ಬೆಲೆ ಕುಸಿದದ್ದು ಜಾಂಬಿಯಾವನ್ನು ಹಣ್ಣು ಮಾಡಿತು, ಆದರೆ ಕಪ್ವೆಪ್ವೆ ಬಂಧನ ಅದಕ್ಕೂ ಹಿಂದಿನದು. ವರ್ಣಭೇದದ ದಕ್ಷಿಣ ಆಫ್ರಿಕಾ ನೆರೆಯ ದೇಶಗಳಲ್ಲಿ ಬಂಡುಕೋರರಿಗೆ ನೆರವು ಕೊಡುತ್ತಿದ್ದುದು ನಿಜ, ಮೊಜಾಂಬಿಕ್ ಅದರಿಂದ ನಲುಗಿಹೋಯಿತು. ಕಾರಣ ಮೊದಲು ಬಂತೋ ಕ್ರಮ ಮೊದಲು ಬಂತೋ ಎಂದು ದಿನಾಂಕದಿಂದ ಪರೀಕ್ಷಿಸಿದರೆ ಅರ್ಧದಷ್ಟು ಸಮರ್ಥನೆಗಳು ತಾವಾಗಿಯೇ ಉದುರುತ್ತವೆ. ಉಳಿದ ಅರ್ಧವನ್ನು ಗೌರವದಿಂದ ತೂಗಬೇಕು.

ಚರ್ಚೆ ನಡೆಸುವಾಗ

ಗುಂಪಿನಲ್ಲಿ ಹತ್ತು–ಹನ್ನೆರಡು ಜನರಿದ್ದರೆ ನಾಯಕರನ್ನು ಹಂಚಬೇಡಿ, ಅಂಕಣಗಳನ್ನು ಹಂಚಿ. ಒಬ್ಬ ನಾಯಕನನ್ನು ವಹಿಸಿಕೊಂಡವರು ಎರಡನೆಯ ವಾರಕ್ಕೆ ಅವನ ವಕೀಲರಾಗಿಬಿಡುತ್ತಾರೆ. ನ್ಯಾಯಾಲಯದ ಅಂಕಣ ವಹಿಸಿಕೊಂಡವರು ಘಾನಾ, ಜಿಂಬಾಬ್ವೆ, ದಕ್ಷಿಣ ಆಫ್ರಿಕಾ ಮೂರನ್ನೂ ಓದಿ ಬರಬೇಕು. ವಾಟ್ಸ್ಆ್ಯಪ್‌ನಲ್ಲಿ ಬರುವ ನುಡಿಮುತ್ತುಗಳನ್ನು ಬಾಗಿಲಲ್ಲೇ ತಡೆಯಿರಿ: ಮುಗಾಬೆ ಹೆಸರಿನಲ್ಲಿ ಹರಿದಾಡುವ ತಮಾಷೆಯ ಮಾತುಗಳಲ್ಲಿ ಹೆಚ್ಚಿನವು ಕಟ್ಟುಕತೆ, ನಮ್ಮ ಆಳದ ಭಯದ ಕುರಿತು ಮಂಡೇಲಾ 1994ರ ಪ್ರಮಾಣವಚನ ಭಾಷಣದಲ್ಲಿ ಹೇಳಿದರೆನ್ನುವ ಮಾತು ಆ ಭಾಷಣದಲ್ಲಿ ಇಲ್ಲವೇ ಇಲ್ಲ. ಸಂವಿಧಾನಗಳ ಮೂಲಪಾಠ, ತೀರ್ಪುಗಳು, ಚುನಾವಣಾ ಫಲಿತಾಂಶಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಜೀವನಚರಿತ್ರೆಗೆ ಹೋಗುವ ಮೊದಲು ಅವನ್ನು ಓದುವುದು ಲೇಸು.

ಕೊನೆಯ ಕೂಟಕ್ಕೆ ಬೋಟ್ಸ್ವಾನಾವನ್ನು ಇಟ್ಟುಕೊಳ್ಳಿ, ಏಕೆಂದರೆ ಅಲ್ಲಿ ಅಳತೆಗೋಲನ್ನೇ ಪರೀಕ್ಷೆಗೆ ಒಡ್ಡಬೇಕಾಗುತ್ತದೆ. ಆ ದೇಶದ ಮೊದಲ ಅಧ್ಯಕ್ಷ ಸೆರೆತ್ಸೆ ಖಾಮಾ ವಿರೋಧ ಪಕ್ಷಗಳನ್ನು ನಿಷೇಧಿಸಲಿಲ್ಲ, ಚುನಾವಣೆಗಳನ್ನು ತಪ್ಪಿಸಲಿಲ್ಲ, ಅಧಿಕಾರದಲ್ಲಿರುವಾಗಲೇ 1980ರಲ್ಲಿ ತೀರಿಕೊಂಡರು. ಅವರ ಪಕ್ಷ 1966ರ ಸ್ವಾತಂತ್ರ್ಯದಿಂದ 2024ರವರೆಗೆ ಒಮ್ಮೆಯೂ ಸೋಲಲಿಲ್ಲವಾದ್ದರಿಂದ ಸೋಲನ್ನು ಅವರು ಹೇಗೆ ಸ್ವೀಕರಿಸುತ್ತಿದ್ದರು ಎಂಬುದಕ್ಕೆ ನೇರ ಸಾಕ್ಷ್ಯವಿಲ್ಲ. ಪರೋಕ್ಷ ಸಾಕ್ಷ್ಯವೊಂದಿದೆ. 1969ರ ಚುನಾವಣೆಯಲ್ಲಿ ಉಪಾಧ್ಯಕ್ಷ ಕ್ವೆಟ್ ಮಸೀರೆ ತಮ್ಮ ಕ್ಷೇತ್ರದಲ್ಲಿ ಸೋತರು. ಸೋಲಿಸಿದವರು ಬುಡಕಟ್ಟಿನ ಮುಖ್ಯಸ್ಥನ ಪಟ್ಟ ಬಿಟ್ಟು ವಿರೋಧ ಪಕ್ಷ ಸೇರಿದ್ದ ಎರಡನೇ ಬಾಥೊಯೆನ್. ಮಸೀರೆ ವಿಶೇಷವಾಗಿ ಆಯ್ಕೆಯಾಗುವ ಸ್ಥಾನದ ಮೂಲಕ ಶಾಸನಸಭೆಗೆ ಮರಳಿ ಉಪಾಧ್ಯಕ್ಷರಾಗಿಯೇ ಮುಂದುವರಿದರು, ಬಾಥೊಯೆನ್ ವಿರೋಧ ಪಕ್ಷದ ಸಾಲಿನಲ್ಲಿ ನಿರಾತಂಕವಾಗಿ ಕುಳಿತರು. 1962ರಲ್ಲಿ ಹೊಸದುರ್ಗದಲ್ಲಿ ಸೋತ ನಿಜಲಿಂಗಪ್ಪನವರು ಕೆಲವೇ ತಿಂಗಳಲ್ಲಿ ಬಾಗಲಕೋಟೆಯಿಂದ ಆಯ್ಕೆಯಾಗಿ ಮುಖ್ಯಮಂತ್ರಿಯಾದದ್ದನ್ನು ಇದರ ಪಕ್ಕದಲ್ಲಿಟ್ಟು, ಮಸೀರೆಯವರ ಮರಳುವಿಕೆಯನ್ನು ಮತದಾರರ ಮಾತಿಗೆ ತಲೆಬಾಗಿದ ಅಂಕಣದಲ್ಲಿ ಬರೆಯಬೇಕೋ ಅದನ್ನು ಬಳಸಿಕೊಂಡು ಹೋದ ಅಂಕಣದಲ್ಲಿ ಬರೆಯಬೇಕೋ ಎಂಬುದನ್ನು ಗುಂಪಿನ ಚರ್ಚೆಗೆ ಬಿಡಿ, ಮತ್ತು ಹಾಗೆ ನಿರ್ಧರಿಸಲು ಪ್ರತಿಯೊಬ್ಬರೂ ಕೊಟ್ಟ ಕಾರಣವನ್ನು ಹೆಸರಿನ ಮುಂದೆ ದಾಖಲಿಸಿಕೊಳ್ಳಿ.